ಬಸ್ ಸ್ಟಾಪಿನಲ್ಲಿ ಮಾವನವರು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ಮನೆಯ ಮಾತನ್ನು ಬೀದಿಯಲ್ಲಿ ಹೇಳಬಾರದು ಎಂದು ಹಿರಿಯರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ನಮ್ಮ ಮನೆಯ ಮಾತು ನಾನು ಬಾಯಿ ತೆರೆಯುವ ಮೊದಲೇ ಬೀದಿಗೆ ಬಂದು, ಎಂಟು ಅಡಿ ಎತ್ತರವಾಗಿ, ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿಸಿಕೊಂಡು ನಿಂತುಬಿಟ್ಟಿತ್ತು. ನೋಡಿದವರೆಲ್ಲ ತಲೆಗೊಂದು ಕಥೆ ಕಟ್ಟಿದರು. ಅಷ್ಟು ಜನ ಹೇಳಿದ ಮೇಲೆ ತಪ್ಪು ಮಾಡಿದವನೂ ಒಂದು ಸಲ ಹೇಳಿದರೆ ಭೂಮಿ ಬಾಯಿ ಬಿಡುವುದಿಲ್ಲ ಎಂದು ಧೈರ್ಯ ಮಾಡಿದ್ದೇನೆ. ಆದರೂ ಅರ್ಧಕ್ಕೆ ನಿಲ್ಲಿಸಬೇಕೆನಿಸಿದರೆ ನಿಲ್ಲಿಸಿಬಿಡಿ, ನನಗೆ ಬೇಸರವಿಲ್ಲ.

ನಾನು ಹದಿನೆಂಟು ವರ್ಷ ತಕ್ಕಡಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದವನು. ತೂಕದ ಯಂತ್ರಗಳ ಗ್ಯಾರಂಟಿ ಕಾರ್ಡು ಬರೆಯುವುದು ನನ್ನ ಕೆಲಸ. ನಲವತ್ತು ದಾಟಿದ ಮೇಲೆ ಜನಕ್ಕೆ ಉಪಯೋಗವಾಗುವಂಥದ್ದು ಏನಾದರೂ ಬರೆಯಬೇಕೆಂಬ ಹುಳ ತಲೆಗೆ ಹೊಕ್ಕಿತು. ಎರಡು ವರ್ಷ ಸಂಜೆ ಕಾಲೇಜಿಗೆ ಹೋಗಿ ಸಂವಹನದಲ್ಲಿ ಡಿಪ್ಲೊಮಾ ಮಾಡಿದೆ. ಮಾಡಿ, ಒಂದು ಸೇವಾ ಸಂಸ್ಥೆಯಲ್ಲಿ ಪ್ರಚಾರ ಅಧಿಕಾರಿಯಾಗಿ ಸೇರಿಕೊಂಡೆ. ಮೂರು ತಿಂಗಳು ಪ್ರೊಬೇಷನ್. ಆಮೇಲೆ ಕೆಲಸ ಕಾಯಂ, ಅಥವಾ ನಮಸ್ಕಾರ. ತಕ್ಕಡಿ ಅಂಗಡಿಯ ಯಜಮಾನರು ನನ್ನ ಕುರ್ಚಿಗೆ ಅಂದೇ ತಮ್ಮ ಷಡ್ಡಕನ ಮಗನನ್ನು ಕೂರಿಸಿದ್ದರಿಂದ ಹಿಂದಿನ ಬಾಗಿಲು ಮುಚ್ಚಿತ್ತು.

ಸಂಸ್ಥೆಯ ಕೆಲಸ ಹೇಳಲು ಸುಲಭ. ಒಂಟಿಯಾಗಿರುವ ಹಿರಿಯರ ಮನೆಗೆ ನಮ್ಮ ಸ್ವಯಂಸೇವಕರು ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಮಾತನಾಡಿ ಬರುತ್ತಾರೆ. ಅಷ್ಟೇ. ಔಷಧಿ ಕೊಡುವುದಿಲ್ಲ, ಕಂಬಳಿ ಹಂಚುವುದಿಲ್ಲ. ಬರೀ ಮಾತು.

ಈ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಅಂದಳು: "ಮಾತಾಡೋಕೆ ಸಂಬಳ ಕೊಡ್ತಾರಾ? ಹಾಗಾದ್ರೆ ನಿಮ್ಮಕ್ಕ ಇಷ್ಟೊತ್ತಿಗೆ ಬಂಗಲೆ ಕಟ್ಟಿಸಿರಬೇಕಿತ್ತು."

ಮಾವನವರು ಪೇಪರಿನ ಪುಟ ತಿರುವಿದರು. ಇಲ್ಲಿ ಮಾವನವರ ಬಗ್ಗೆ ಹೇಳಬೇಕು. ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಸ್ವಂತ ತಮ್ಮನನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿ, ಆತನ ಮದುವೆಗೆ ಕರೆಯಿಲ್ಲದೆ ಉಳಿದವರು. ನಾಲ್ಕು ವರ್ಷದಿಂದ ನಮ್ಮ ಜೊತೆಗಿದ್ದಾರೆ: ಅವರು, ನಾನು, ಹೆಂಡತಿ, ಕಿವಿಗೆ ಸದಾ ಹೆಡ್‌ಫೋನ್ ಸಿಕ್ಕಿಸಿಕೊಂಡ ಮಗಳು. ಮೂರು ಕೋಣೆ, ಒಂದು ಬಾಲ್ಕನಿ. ಬಾಲ್ಕನಿ ಮಾವನವರದ್ದು.

ಮೂರನೆಯ ತಿಂಗಳ ಮೊದಲ ದಿನ ನಮ್ಮ ನಿರ್ದೇಶಕಿ ಮೇಡಂ ನನ್ನನ್ನು ಕರೆದರು. ಅವರು ನಿಂತಲ್ಲಿ ನಿಲ್ಲುವವರಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಇನ್ನೊಂದು ಫೋನು.

"ನೋಡಿ, ನಮ್ಮ ಸಂಸ್ಥೆಯ ಪತ್ರಿಕೆ ಚೆನ್ನಾಗಿ ಬರ್ತಿದೆ. ಆದರೆ ಮುಖ ಇಲ್ಲ."

"ಮುಖಪುಟ ಇದೆ ಮೇಡಂ."

"ಮನುಷ್ಯರ ಮುಖ ಇಲ್ಲ! ಒಂದು ಹಿರಿಯರ ಚಿತ್ರ ಬೇಕು. ನೋಡಿದವರು ಊಟ ಬಿಟ್ಟು ಎದ್ದು ಬರಬೇಕು. ಒಪ್ಪಿಗೆ ಪತ್ರ ಮಾತ್ರ ಮರೀಬೇಡಿ. ಸಹಿ ಇಲ್ಲದೆ ಒಂದು ಬೆರಳಿನ ಚಿತ್ರ ಕೂಡ ಹಾಕೋ ಹಾಗಿಲ್ಲ."

ನಾನು ಹನ್ನೊಂದು ಮನೆ ಹತ್ತಿ ಇಳಿದೆ. ಒಬ್ಬ ನಿವೃತ್ತ ನರ್ಸಮ್ಮ, "ನಾನಿಲ್ಲಿ ಮಹಾರಾಣಿ ಥರ ಇದೀನಿ ಅಂತ ತಂಗಿಗೆ ಹೇಳಿಟ್ಟಿದೀನಿ. ನಿನ್ನ ಪತ್ರಿಕೇಲಿ ನನ್ನ ಚಿತ್ರ ಬಂದ್ರೆ ಅವಳು ಮಾರನೇ ದಿನವೇ ಬಂದು ಕೂರ್ತಾಳೆ. ಅವಳ ಜೊತೆಗಿಂತ ಒಂಟಿಯಾಗಿರೋದೇ ವಾಸಿ" ಎಂದು ಬಾಗಿಲು ಹಾಕಿಕೊಂಡರು. ಇನ್ನೊಬ್ಬರು ಸಂತೋಷದಿಂದ ಒಪ್ಪಿ, ಅರ್ಧ ಗಂಟೆ ಕಾಯಿಸಿ, ತಲೆಗೆ ಕಪ್ಪು ಹಚ್ಚಿಕೊಂಡು ಬಂದರು. ಚಿತ್ರದಲ್ಲಿ ನನಗಿಂತ ಚಿಕ್ಕವರಾಗಿ ಕಂಡರು. ಮತ್ತೊಬ್ಬ ತಾತ, "ಒಬ್ಬನೇ ನಿಂತ್ರೆ ಚೆನ್ನಾಗಿರಲ್ಲ ಕಣಯ್ಯ" ಎಂದು ಅಕ್ಕಪಕ್ಕದ ಏಳು ಜನರನ್ನು ಕರೆದು ನಡುವೆ ನಿಂತುಬಿಟ್ಟರು. ಒಂಟಿತನದ ಪ್ರಚಾರಕ್ಕೆ ಎಂಟು ಜನ ಹಲ್ಲು ಕಿರಿಯುತ್ತಿರುವ ಚಿತ್ರ ಎಷ್ಟು ಉಪಯೋಗ ಎಂಬುದನ್ನು ಸಂಜೆ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಸೋತು ಮನೆಗೆ ಬಂದೆ. ಕೊರಳಿನಲ್ಲಿ ಆಫೀಸಿನ ಕ್ಯಾಮೆರಾ ಇತ್ತು. ಬಾಲ್ಕನಿಯಲ್ಲಿ ಮಾವನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಒಂದು ಕೈ ಸರಳಿನ ಮೇಲೆ. ಕಣ್ಣು ರಸ್ತೆಯ ಕಡೆ. ಮುಖದ ಒಂದು ಬದಿಗೆ ಇಳಿಬಿಸಿಲು. ನಾನು ಬಂದದ್ದಕ್ಕೆ ತಿರುಗಿ ನೋಡಲಿಲ್ಲ, ನಾನೂ ಮಾತನಾಡಿಸಲಿಲ್ಲ. ಲೆನ್ಸ್ ಸರಿಯಿದೆಯೇ ಎಂದು ನೋಡಲು ಒಂದು ಸಲ ಒತ್ತಿದೆ. ಇಷ್ಟೇ ನಾನು ಮಾಡಿದ್ದು. ಗುಬ್ಬಿಗೆ ಹೊಡೆದ ಕಲ್ಲು ಗಂಟೆಗೆ ತಾಗಿ ಊರೆಲ್ಲ ಎದ್ದಿತು.

ಮರುದಿನ ಮೇಡಂ ಕ್ಯಾಮೆರಾದ ಚಿತ್ರಗಳನ್ನು ಸರಸರನೆ ತಳ್ಳುತ್ತಾ ಹೋದವರು ಕೊನೆಯದರಲ್ಲಿ ನಿಂತರು. ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟರು. ಅವರ ಕೈ ಖಾಲಿಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಯ್ಯೋ ದೇವರೇ! ಯಾರಿವರು?"

"ಒಬ್ಬರು ಹಿರಿಯರು ಮೇಡಂ."

"ಈ ಕಣ್ಣು ನೋಡಿ. ಈ ಕಣ್ಣು ಯಾರ ದಾರಿ ಕಾಯ್ತಿದೆ?"

ಎದುರು ಮನೆಯವರು ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿದ್ದನ್ನು ಆ ಕಣ್ಣು ನೋಡುತ್ತಿತ್ತು. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಫೋನು ಬಡಿದುಕೊಂಡಿತು. "ಒಪ್ಪಿಗೆ ಪತ್ರ ತಂದುಬಿಡಿ!" ಎನ್ನುತ್ತಾ ಮೇಡಂ ಹೊರಟೇಹೋದರು.

ನಾನು ಸುಳ್ಳು ಹೇಳಲಿಲ್ಲ. ನಿಜವನ್ನು ಪೂರ್ತಿ ಹೇಳುವುದಕ್ಕೆ ಆಗಲಿಲ್ಲ. ಮನಸ್ಸು ತಡೆಯದೆ ಚಿತ್ರದ ಮೂಲೆಯಲ್ಲಿ 'ಸಾಂದರ್ಭಿಕ ಚಿತ್ರ' ಎಂದು ಸಣ್ಣ ಅಕ್ಷರದಲ್ಲಿ ಹಾಕಿ ಡಿಸೈನರಿಗೆ ಕಳಿಸಿದೆ. ಅಂದು ಸಂಜೆ ಒಪ್ಪಿಗೆ ಪತ್ರ ಹಿಡಿದು ಬಾಲ್ಕನಿಗೆ ಹೋದೆ.

"ಮಾವ, ಇಲ್ಲೊಂದು ಸಹಿ ಬೇಕಿತ್ತು."

ಅವರು ಕನ್ನಡಕ ಹಾಕಿ ಹನ್ನೊಂದು ಷರತ್ತುಗಳನ್ನೂ ಓದಿದರು. ಮತ್ತೆ ಮೊದಲಿನಿಂದ ಓದಿದರು. ನಾನು ಒಂಟಿಕಾಲಿನ ಮೇಲೆ ನಿಂತಿದ್ದೆ.

"ಅಳಿಯಂದ್ರೇ, ಏಳನೇದರಲ್ಲಿ 'ಯಾವುದೇ ಮಾಧ್ಯಮದಲ್ಲಿ' ಅಂತಿದೆಯಲ್ಲ?"

"ನಮ್ಮ ಪತ್ರಿಕೆ ಮಾವ. ನಾಲ್ಕೇ ಪುಟದ್ದು."

"ಚಿತ್ರದ ಕೆಳಗೆ ಏನು ಬರೀತೀರಿ?"

"ಹಿರಿಯರ ಬಗ್ಗೆ ಗೌರವದ ಮಾತು."

ಅವರ ಬೆನ್ನು ಒಂದಿಷ್ಟು ನೆಟ್ಟಗಾಯಿತು. ಸಹಿ ಹಾಕಿ, ತಾರೀಕು ಹಾಕಿ, "ನಕಲು ಒಂದು ನನಗೂ ಇರಲಿ" ಎಂದರು. ಸಂಸ್ಥೆಯ ಇತಿಹಾಸದಲ್ಲಿ ಅಷ್ಟು ಅಚ್ಚುಕಟ್ಟಾದ ಒಪ್ಪಿಗೆ ಪತ್ರ ಬಂದಿರಲಿಲ್ಲ ಎಂದು ಫೈಲಿಂಗ್ ನೋಡಿಕೊಳ್ಳುವಾಕೆ ಹೊಗಳಿದಳು. ಆ ಹೊಗಳಿಕೆಯಲ್ಲಿ ಹತ್ತು ದಿನ ಸುಖವಾಗಿದ್ದೆ.

ಹನ್ನೊಂದನೆಯ ದಿನ ಸೋಮವಾರ. ಬೆಳಿಗ್ಗೆ ಕೆಲಸಕ್ಕೆ ಹೊರಟು ನಮ್ಮ ಬೀದಿಯ ತಿರುವಿನ ಬಸ್ ಸ್ಟಾಪಿಗೆ ಬಂದೆ. ಜನ ಬಸ್ಸು ಬರುವ ಕಡೆ ನೋಡದೆ ಹಿಂದೆ ನೋಡುತ್ತಿದ್ದರು. ನಾನೂ ನೋಡಿದೆ.

ಮಾವನವರು. ಎಂಟು ಅಡಿ. ಮೂಗೇ ಒಂದು ಗೇಣಿತ್ತು. ಕೆಳಗೆ ಬಿಳಿ ಅಕ್ಷರಗಳು: 'ಇವರ ಜೊತೆ ಮಾತನಾಡಲು ಯಾರೂ ಇಲ್ಲ.' ಅದರ ಕೆಳಗೆ ನಮ್ಮ ಸಂಸ್ಥೆಯ ಫೋನ್ ನಂಬರು.

ಕೂಡಲೇ ಮೇಡಂಗೆ ಫೋನ್ ಮಾಡಿದೆ. ಅವರು ಆನಂದದಲ್ಲಿ ಕೂಗುತ್ತಿದ್ದರು. "ಸರ್‌ಪ್ರೈಸ್! ಜಾಹೀರಾತು ಕಂಪನಿಯವರು ಚಿತ್ರ ನೋಡಿ ಅತ್ತುಬಿಟ್ಟರು. ಹದಿನಾಲ್ಕು ಬಸ್ ಸ್ಟಾಪು ಸೇವೆ ಅಂತ ಬಿಟ್ಟುಕೊಟ್ಟಿದಾರೆ!" ಫೋನು ಕಟ್ಟಾಯಿತು.

ಡಿಸೈನರಿಗೆ ಮಾಡಿದೆ. "ಸಾಂದರ್ಭಿಕ ಚಿತ್ರ ಅಂತ ಮೂಲೆಯಲ್ಲಿ ಹಾಕಿದ್ದೆನಲ್ಲ?"

"ಓ ಅದಾ? ಅಜ್ಜನ ಗಲ್ಲದ ಮೇಲೆ ನೊಣ ಕೂತಂಗೆ ಕಾಣ್ತಿತ್ತು ಸಾರ್. ಓಡಿಸಿಬಿಟ್ಟೆ."

ನಮ್ಮ ಕೆಳಮನೆಯಲ್ಲಿ ಹೊಲಿಗೆಯಮ್ಮ ಇದ್ದಾರೆ. ಅಳತೆ ತೆಗೆಯುವಾಗಲೇ ಬೀದಿಯ ಸುದ್ದಿಯನ್ನೂ ತೆಗೆದುಕೊಳ್ಳುವವರು. ನಾನು ಮನೆಗೆ ವಾಪಸು ಓಡುವುದರೊಳಗೆ ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮೆಟ್ಟಿಲಿನ ಮೇಲೆ ನಿಂತಿದ್ದರು.

"ಏನಪ್ಪಾ ಇದು? ನಿಮ್ಮ ಮಾವ ಕಾಣೆಯಾಗಿದಾರಾ?"

"ಇಲ್ಲಮ್ಮ, ಮೇಲೇ ಇದಾರೆ."

"ಮೇಲೆ?" ಅವರು ಆಕಾಶ ನೋಡಿ ಎದೆ ಮುಟ್ಟಿಕೊಂಡರು.

"ಮೇಲಿನ ಮನೇಲಿ ಕಣಮ್ಮ!"

"ಹಾಗಾದ್ರೆ ಯಾರೂ ಇಲ್ಲ ಅಂತ ಯಾಕೆ ಬರೆದಿದಾರೆ? ನೀವೆಲ್ಲ ಏನು, ಗೋಡೆ ಮೇಲಿನ ಹಲ್ಲಿಗಳಾ?"

ಒಳಗೆ ಹೆಂಡತಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ನಿಂತಿದ್ದಳು. ಅಷ್ಟು ದೂರದಿಂದಲೂ ಅವಳ ಅಕ್ಕನ, ಅಂದರೆ ನನ್ನ ಅತ್ತಿಗೆಯ, ದನಿ ಸ್ಪಷ್ಟವಾಗಿತ್ತು. "ಅಪ್ಪನ್ನ ನಾನು ಇಟ್ಕೊಳ್ತೀನಿ ಅಂದಾಗ ಬೇಡ ಅಂದೆ. ಈಗ ಬಸ್ ಸ್ಟಾಪಲ್ಲಿ ಇಟ್ಟಿದೀಯಲ್ಲೇ!"

"ಅಕ್ಕ, ನೀನು ಯಾವತ್ತು ಇಟ್ಕೊಳ್ತೀನಿ ಅಂದೆ? ಎರಡು ದಿನಕ್ಕೆ ಕಳಿಸಿದ್ರೆ ಮೂರನೇ ದಿನ ಟಿಕೆಟ್ ಮಾಡಿಸಿ ವಾಪಸ್ ಕಳಿಸ್ದೋಳು ನೀನು!"

ಫೋನು ಇಟ್ಟವಳು ನನ್ನ ಕಡೆ ತಿರುಗಿದಳು. "ರೀ. ನಾನು ದಿನಾ ಅಪ್ಪನ ಜೊತೆ ಮಾತಾಡಲ್ವಾ? ಬೆಳಿಗ್ಗೆ 'ಅಪ್ಪಾ ಮಾತ್ರೆ', ಮಧ್ಯಾಹ್ನ 'ಅಪ್ಪಾ ಊಟ', ಸಂಜೆ 'ಅಪ್ಪಾ ಬಾಗಿಲು ಹಾಕಿಕೊಳ್ಳಿ'. ಇನ್ನೇನು ಹರಿಕಥೆ ಮಾಡ್ಬೇಕಿತ್ತಾ?"

"ಮೇಡಂಗೆ ಇವತ್ತೇ ಹೇಳಿ ತೆಗೆಸ್ತೀನಿ."

"ಹೇಳಿದ್ರೆ ಕೆಲಸ?"

"ಹೋಗುತ್ತೆ."

"ಹೇಳದಿದ್ರೆ?"

"ಮಾನ ಹೋಗುತ್ತೆ."

"ಮಾನ ಬೆಳಿಗ್ಗೆಯೇ ಹೋಗಾಯ್ತಲ್ಲ" ಎಂದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ನಾನು ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ತಿರುಗತೊಡಗಿದೆ.

ಸಂಜೆ ವಾಕಿಂಗಿಗೆ ಹೋದ ಮಾವನವರು ಎಂದಿಗಿಂತ ಹತ್ತು ನಿಮಿಷ ತಡವಾಗಿ ಬಂದರು. ಟೋಪಿಯನ್ನು ಮೊಳೆಗೆ ಹಾಕಿದರು. ಕಪಾಟಿನಿಂದ ಒಪ್ಪಿಗೆ ಪತ್ರದ ನಕಲು ತೆಗೆದು, ಕೆಂಪು ಪೆನ್ನಿನಿಂದ ಏಳನೆಯ ಷರತ್ತಿಗೆ ಗೆರೆ ಎಳೆದು, ಮತ್ತೆ ಮಡಚಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೆಂಪು ಗೆರೆ ನನ್ನ ಎದೆಯ ಮೇಲೆ ಎಳೆದ ಹಾಗಿತ್ತು.

ಮರುದಿನ ಬೆಳಗಾಗುತ್ತಲೇ ಕಾರ್ಯಪ್ರವೃತ್ತನಾದೆ. ಕಾಗದದ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ 'ಸಾಂದರ್ಭಿಕ ಚಿತ್ರ' ಎಂದು ಬರೆದು, ಹಿಂದೆ ಅಂಟು ಹಚ್ಚಿ, ಸ್ಟೂಲು ಹಿಡಿದು ಬಸ್ ಸ್ಟಾಪಿಗೆ ಹೋದೆ. ಪಟ್ಟಿಯನ್ನು ಮೂಲೆಯಲ್ಲಿ ಅಂಟಿಸುವುದು ನನ್ನ ಯೋಜನೆ. ಸ್ಟೂಲಿನ ಒಂದು ಕಾಲು ಕುಂಟಾಗಿತ್ತು. ಮೇಲೆ ಹತ್ತಿ ಕೈ ಚಾಚಿದೆ. ಸ್ಟೂಲು ಎಡಕ್ಕೆ ಹೋಯಿತು, ನಾನು ಬಲಕ್ಕೆ ಹೋದೆ, ಪಟ್ಟಿ ನೇರವಾಗಿ ಮಾವನವರ ಬಾಯಿಗೆ ಹೋಗಿ ಅಂಟಿಕೊಂಡಿತು. ಈ ಗೋಂದು ಮನೆಯಲ್ಲಿ ಒಂದು ಲಕೋಟೆಯನ್ನೂ ಸರಿಯಾಗಿ ಅಂಟಿಸಿದ್ದಿಲ್ಲ. ಆ ಗಾಜಿಗೆ ಮಾತ್ರ ಜನ್ಮಾಂತರದ ನಂಟು ಇದ್ದಂತೆ ಹಿಡಿಯಿತು. ಉಗುರಿನಿಂದ ಕೆರೆಯತೊಡಗಿದೆ.

"ಏಯ್! ಯಾರ್ರೀ ಅದು?" ಹಿಂದಿನಿಂದ ಮಾರ್ಕೆಟ್ಟಿನ ಚೀಲ ಹಿಡಿದ ಹೆಂಗಸೊಬ್ಬರು ಕೂಗಿದರು. "ಪಾಪ ಮುದುಕರಿಗೆ ಯಾರೂ ಇಲ್ಲ ಅಂತ ಬರೆದಿದ್ರೆ ಬಾಯಿಗೇ ಚೀಟಿ ಅಂಟಿಸ್ತೀಯಲ್ಲ!"

"ಇಲ್ಲಮ್ಮ, ನಾನು ತೆಗೀತಿದೀನಿ."

"ಮುಖಾನೂ ಪರಚ್ತಿದಾನೆ ನೋಡ್ರೋ!"

ಆಗ ಬಂದವನು ತಿರುವಿನ ಕ್ಷೌರದಂಗಡಿಯವನು. ತಿಂಗಳಿಗೆರಡು ಸಲ ಮಾವನವರ ತಲೆ ಅವನ ಕೈಯಲ್ಲಿ. ಅವನು ಗುಂಪಿನ ಪರವೂ ಅಲ್ಲ, ನನ್ನ ಪರವೂ ಅಲ್ಲ. ಅವನಿಗೆ ಸ್ವಂತ ದುಃಖವಿತ್ತು.

"ಸಾರ್, ಯಾರೂ ಇಲ್ಲ ಅಂದ್ರೆ ಏನರ್ಥ? ನಾನು ಯಾರು? ಹದಿನೈದು ದಿನಕ್ಕೊಂದು ಸಲ ಒಂದೂವರೆ ಗಂಟೆ ಮಾತಾಡ್ತೀವಿ. ನನ್ನ ಹೆಂಡತಿ ಹತ್ರ ಕೂಡ ಅಷ್ಟು ಮಾತಾಡಿಲ್ಲ. ನಿನ್ನೆಯಿಂದ ಗಿರಾಕಿಗಳು ಬಂದು 'ಏನಯ್ಯ, ನಿನ್ನನ್ನ ಲೆಕ್ಕಕ್ಕೇ ಇಟ್ಟಿಲ್ವಲ್ಲ' ಅಂತ ನಗ್ತಿದಾರೆ. ನನ್ನ ಅಂಗಡಿಗೆ ಒಂದು ಮರ್ಯಾದೆ ಬೇಡವಾ?"

ನಾನು ಸ್ಟೂಲು ಎತ್ತಿಕೊಂಡು ಓಡಿದೆ. ಮಧ್ಯಾಹ್ನದೊಳಗೆ ಬಾಯಿಗೆ ಚೀಟಿ ಬಿದ್ದ ಮಾವನವರ ಚಿತ್ರ ಊರಿನ ಎಲ್ಲರ ಫೋನಿಗೂ ಹೋಗಿತ್ತು. 'ಹಿರಿಯರ ಬಾಯಿ ಮುಚ್ಚಿಸುವವರು ಯಾರು?' ಎಂದು ಯಾರೋ ಕೇಳಿದ್ದರು. ಮೂರು ಗಂಟೆಗೆ ಹಿರಿಯ ನಾಗರಿಕರ ಕಚೇರಿಯ ಅಧಿಕಾರಿ ಫೈಲಿನೊಂದಿಗೆ ನಮ್ಮ ಆಫೀಸಿಗೆ ಬಂದು, ಈ ವೃದ್ಧರ ವಿಳಾಸ ಬೇಕು, ನಿರ್ಲಕ್ಷ್ಯದ ದೂರು ದಾಖಲಾಗಿದೆ ಎಂದರು. ಮೇಡಂ ಅವರಿಗೆ ಕುರ್ಚಿ ಕೊಟ್ಟರು, ನನ್ನ ಬೆನ್ನು ತಟ್ಟಿದರು.

"ನಲವತ್ತೇಳು ಜನ! ಒಂದೇ ದಿನ ನಲವತ್ತೇಳು ಹೊಸ ಸ್ವಯಂಸೇವಕರು! ಗುರುವಾರ ದಾನಿಗಳ ಸಂಸ್ಥೆಯಿಂದ ಪ್ರತಿನಿಧಿ ಬರ್ತಿದಾರೆ. ಅವರನ್ನ ನೇರವಾಗಿ ಈ ತಾತನ ಮನೆಗೇ ಕರ್ಕೊಂಡು ಹೋಗೋಣ. ನಿಮ್ಮ ಕಾಯಂ ಪತ್ರ ಟೈಪಾಗಿದೆ. ಅಲ್ಲಿಂದ ಬಂದ ತಕ್ಷಣ ಸಹಿ. ಅಧಿಕಾರಿಗಳೇ, ನೀವೂ ಗುರುವಾರವೇ ಬಂದುಬಿಡಿ."

"ಮೇಡಂ, ಒಂದು ಮಾತು. ಆ ತಾತ..."

"ಹುಷಾರಿಲ್ಲವಾ?"

"ಹುಷಾರಾಗಿದಾರೆ. ಆದರೆ ಅವರು..."

"ನಾಚಿಕೆ ಸ್ವಭಾವವಾ? ನಾನು ನೋಡ್ಕೊಳ್ತೀನಿ." ಎರಡೂ ಫೋನುಗಳು ಒಟ್ಟಿಗೆ ಬಡಿದುಕೊಂಡವು.

ಬುಧವಾರ ಸಂಜೆ ನಮ್ಮ ಮನೆಯಲ್ಲಿ ಸಭೆ. ನನ್ನ ಯೋಜನೆ ಸರಳವಾಗಿತ್ತು: ಗುರುವಾರ ಹತ್ತರಿಂದ ಹನ್ನೊಂದರವರೆಗೆ ಹೆಂಡತಿ ಮತ್ತು ಮಗಳು ಹೊಲಿಗೆಯಮ್ಮನ ಮನೆಯಲ್ಲಿರುವುದು, ಗೋಡೆಯ ಮೇಲಿನ ಮದುವೆ ಫೋಟೋ ಇಳಿಸುವುದು, ನಾಲ್ಕು ಜೋಡಿ ಚಪ್ಪಲಿಯಲ್ಲಿ ಮೂರನ್ನು ಮರೆಮಾಡುವುದು.

"ಮದುವೆ ಫೋಟೋ ಇಳಿಸ್ತೀರಾ?" ಹೆಂಡತಿಯ ದನಿ ತಣ್ಣಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

"ಒಂದೇ ಗಂಟೆ."

"ಅಪ್ಪ ಸುಮ್ನಿರ್ತಾರೆ ಅಂತ ನಿಮಗೆ ಯಾರು ಹೇಳಿದ್ರು? ಸ್ವಂತ ತಮ್ಮನ್ನ ಇಳಿಸಿದೋರು. ನೀವು ಅಳಿಯ. ನಿಮ್ಮನ್ನ ಓಡೋ ರೈಲಿಂದಲೇ ಇಳಿಸ್ತಾರೆ. ಹೋಗಿ, ಕೇಳ್ಕೊಂಡು ಬನ್ನಿ."

ಬಾಲ್ಕನಿಯ ಬಾಗಿಲವರೆಗೆ ಆರು ಸಲ ಹೋದೆ. ಐದು ಸಲ ವಾಪಸು ಬಂದೆ. ಆರನೆಯ ಸಲ ಮಾವನವರು ತಲೆ ಎತ್ತಿ ನೋಡಿಬಿಟ್ಟರು.

"ಮಾವ, ಟೀ?"

"ಆಗಲಿ."

ಟೀ ಕೊಟ್ಟು ಬಂದೆ. ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

ಗುರುವಾರ ಹತ್ತು ಗಂಟೆಗೆ ಮೇಡಂ ಜೊತೆ ನಾವು ಕೂತಿದ್ದ ಕಾರು ನಮ್ಮ ಬೀದಿಗೆ ತಿರುಗಿತು. ದಾನಿಗಳ ಪ್ರತಿನಿಧಿ ಮಿತಭಾಷಿ ಹೆಂಗಸು. ಚಿಕ್ಕ ಪುಸ್ತಕ, ಚಿಕ್ಕ ಪೆನ್ಸಿಲು. ಮೆಟ್ಟಿಲ ಬುಡದಲ್ಲಿ ಅಧಿಕಾರಿ ಫೈಲಿನೊಂದಿಗೆ ಕಾಯುತ್ತಿದ್ದರು. ಅವರ ಪಕ್ಕದಲ್ಲಿ ಕ್ಷೌರದಂಗಡಿಯವನು, ಸಾಕ್ಷಿ ಹೇಳಲು ಬಂದವನಂತೆ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಹೊಲಿಗೆಯಮ್ಮನ ಬಾಗಿಲು ಒಂದು ಅಂಗುಲ ತೆರೆದಿತ್ತು. ಒಳಗಿನಿಂದ ನನ್ನ ಹೆಂಡತಿಯ ಉಸಿರು ಕೇಳಬೇಕಿತ್ತು. ಕೇಳಲಿಲ್ಲ.

ಮೇಲೆ ಹೋಗಿ ಬಾಗಿಲು ತಟ್ಟಿದೆ. ನನ್ನ ಮನೆಯ ಬಾಗಿಲನ್ನು ನಾನೇ, ಅಪರಿಚಿತನಂತೆ, ಎರಡು ಸಲ. ಬಾಗಿಲು ತೆರೆದವಳು ನನ್ನ ಹೆಂಡತಿ. ಮದುವೆ ಫೋಟೋ ಗೋಡೆಯ ಮೇಲೇ ಇತ್ತು. ಒರೆಸಿ ಹೊಳೆಯುವಂತೆ ಮಾಡಿದ್ದಳು.

"ಬನ್ನಿ, ಬನ್ನಿ" ಎಂದಳು.

ಮೇಡಂ ನನ್ನತ್ತ ತಿರುಗಿ ಪಿಸುಗುಟ್ಟಿದರು: "ಪಕ್ಕದ ಮನೆಯವರಾ?"

"ನಾನು ಇವರ ಮಗಳು" ಎಂದಳು ಹೆಂಡತಿ.

ಮೇಡಂ ಕೈಯಿಂದ ಒಂದು ಫೋನು ಕೆಳಗೆ ಬಿತ್ತು. "ಮಗಳು ಇದಾರಾ?"

"ಮೊಮ್ಮಗಳೂ ಇದಾಳೆ, ಒಳಗೆ ಓದ್ಕೊಳ್ತಿದಾಳೆ. ಅಳಿಯನೂ ಇದಾರೆ."

"ಅಳಿಯ ಎಲ್ಲಿ?"

"ನಿಮ್ಮ ಪಕ್ಕದಲ್ಲೇ ಬೆವರು ಒರೆಸಿಕೊಳ್ತಾ ನಿಂತಿದಾರಲ್ಲ, ಅವರೇ."

ಎಲ್ಲರೂ ನನ್ನನ್ನು ನೋಡಿದರು. ಕ್ಷೌರದಂಗಡಿಯವನು ಎಲ್ಲರಿಗಿಂತ ಹೆಚ್ಚು ಸಂತೋಷದಿಂದ ನೋಡಿದ. ನಾನು ಒಪ್ಪಿಗೆ ಪತ್ರದ ಮೂಲ ಪ್ರತಿಯನ್ನು ಚೀಲದಿಂದ ತೆಗೆದು ಎದೆಯ ಮುಂದೆ ಹಿಡಿದುಕೊಂಡೆ. ಯಾಕೆ ಹಿಡಿದುಕೊಂಡೆನೋ! ಗುರಾಣಿಯಂತೆ ಆದೀತು ಎಂದಿರಬೇಕು.

"ಸಹಿ ಇದೆ ಮೇಡಂ" ಎಂದೆ.

ಬಾಲ್ಕನಿಯಲ್ಲಿ ಮಾವನವರು ಬಿಳಿ ಅಂಗಿ ಹಾಕಿಕೊಂಡು, ಮಡಿಲಲ್ಲಿ ತಮ್ಮ ನಕಲನ್ನು ಇಟ್ಟುಕೊಂಡು ಕಾಯುತ್ತಿದ್ದರು. ಅಧಿಕಾರಿ ಕುರ್ಚಿ ಎಳೆದು ಫೈಲು ಬಿಚ್ಚಿದರು.

"ಅಜ್ಜಾ, ಹೆದರಬೇಡಿ. ನೀವು ಒಬ್ಬರೇ ಇದೀರಾ?"

"ಲೆಕ್ಕ ಬರಲ್ವಾ ನಿಮಗೆ? ಮನೆಯಲ್ಲಿ ನಾಲ್ಕು ಜನ ಇದೀವಿ."

"ಇವರು ನಿಮ್ಮನ್ನ ಸರಿಯಾಗಿ ನೋಡ್ಕೊಳ್ತಿಲ್ಲವಾ?"

"ಚೆನ್ನಾಗಿ ನೋಡ್ಕೊಳ್ತಾರೆ. ಊಟ, ಬಟ್ಟೆ, ಮಾತ್ರೆ, ಎಲ್ಲಾ ಹೊತ್ತಿಗೆ ಸರಿಯಾಗಿ. ಒಂದು ದಿನ ತಪ್ಪಿಲ್ಲ."

"ಹಾಗಾದ್ರೆ ಬಸ್ ಸ್ಟಾಪಿನ ಬೋರ್ಡು ಸುಳ್ಳು." ಅಧಿಕಾರಿ ಪೆನ್ನು ಎತ್ತಿದರು. ಮೇಡಂ ಕಣ್ಣು ಮುಚ್ಚಿಕೊಂಡರು. ನನ್ನ ಮೂರು ತಿಂಗಳು, ಎರಡು ವರ್ಷದ ಸಂಜೆಗಳು, ತಕ್ಕಡಿ ಅಂಗಡಿಯ ಹದಿನೆಂಟು ವರ್ಷ, ಎಲ್ಲವೂ ಆ ಪೆನ್ನಿನ ತುದಿಯಲ್ಲಿ ನಿಂತವು.

ಮಾವನವರು ಒಬ್ಬೊಬ್ಬರನ್ನೇ ನೋಡಿದರು, ಬೋಗಿಯ ಈ ತುದಿಯಿಂದ ಆ ತುದಿಯವರೆಗೆ ನೋಡುವಂತೆ. ನನ್ನ ಮುಖದ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಮೂವತ್ತೊಂದು ವರ್ಷ ಟಿಕೆಟ್ ನೋಡಿದೀನಿ. ಸುಳ್ಳು ಯಾವುದು ಅಂತ ನನಗೆ ಗೊತ್ತಾಗುತ್ತೆ" ಎಂದರು. "ಬೋರ್ಡು ಸುಳ್ಳಲ್ಲ."

"ಅಪ್ಪಾ!" ಎಂದಳು ಹೆಂಡತಿ.

"ಊಟ ಇಲ್ಲ ಅಂತ ಬರೆದಿಲ್ಲವಲ್ಲಮ್ಮ. ಮಾತಿಲ್ಲ ಅಂತ ತಾನೆ ಬರೆದಿರೋದು? ಮಾತ್ರೆ ತಗೊಂಡ್ರಾ ಅಂತೀಯ, ತಗೊಂಡೆ ಅಂತೀನಿ. ಅಲ್ಲಿಗೆ ನನ್ನ ಬೆಳಗಿನ ಮಾತು ಮುಗೀತು. ಮೊಮ್ಮಗಳ ಕಿವಿ ಖಾಲಿ ಇರಲ್ಲ. ಅಳಿಯಂದ್ರು ನಿನ್ನೆ ಟೀ ಅಂದ್ರು. ಅದಕ್ಕೂ ಹಿಂದೆ ಸಹಿ ಬೇಕು ಅಂದ್ರು. ಅದಕ್ಕೂ ಹಿಂದಿಂದು ನನಗೆ ನೆನಪಿಲ್ಲ. ಅವರಿಗೆ ನೆನಪಿದ್ರೆ ಹೇಳಲಿ."

ನಾನು ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಯತ್ನಿಸಿದೆ. ಎಲ್ಲರೂ ಕಾದರು.

ಕ್ಷೌರದಂಗಡಿಯವನಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಮತ್ತೆ ನಾನು? ಒಂದೂವರೆ ಗಂಟೆ?"

"ನಾನೆಲ್ಲಯ್ಯ ಮಾತಾಡ್ತೀನಿ? ನೀನು ಮಾತಾಡ್ತೀಯ. ಕತ್ತಿ ನಿನ್ನ ಕೈಲಿರುತ್ತೆ, ಕತ್ತು ನಂದಿರುತ್ತೆ. ನಾನು ಹೂಂ ಅಂತೀನಿ."

ಅಧಿಕಾರಿ ಫೈಲಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. "ಊಟ ಕೊಡಲ್ಲ, ಹೊಡೀತಾರೆ, ಆಸ್ತಿ ಬರೆಸಿಕೊಂಡಿದಾರೆ, ಹೀಗೆ ಕಾಲಂ ಇದೆ. ಮಾತಾಡಲ್ಲ ಅನ್ನೋದಕ್ಕೆ ಕಾಲಂ ಇಲ್ಲವಲ್ಲ ಅಜ್ಜಾ."

"ಇತರೆ ಅಂತ ಒಂದು ಇರುತ್ತೆ ನೋಡಿ, ಕೊನೆಯಲ್ಲಿ. ಸರ್ಕಾರಿ ಫಾರಂ ಅಲ್ವಾ, ಇದ್ದೇ ಇರುತ್ತೆ."

ಇತ್ತು. ಅಧಿಕಾರಿ ಅದರಲ್ಲಿ ಗುರುತು ಹಾಕಿ, ಬೆವರು ಒರೆಸಿಕೊಂಡು, ತಮ್ಮ ತಂದೆಗೆ ಫೋನ್ ಮಾಡುವುದಿದೆ ಎಂದು ಮೆಟ್ಟಿಲಿಳಿದು ಹೋದರು.

ದಾನಿಗಳ ಪ್ರತಿನಿಧಿ ಪೆನ್ಸಿಲನ್ನು ಪುಸ್ತಕದೊಳಗಿಟ್ಟು ಮುಚ್ಚಿದರು. "ಸುಳ್ಳು ಟಿಕೆಟ್ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದರು.

ಮಾವನವರು ಕುರ್ಚಿಯನ್ನು ಅವರ ಕಡೆ ತಿರುಗಿಸಿದರು. ನಂತರದ ಐವತ್ತು ನಿಮಿಷ ನಾವು ನಾಲ್ವರು ಗೋಡೆಗೆ ಒರಗಿ ನಿಂತು, ಟಿಕೆಟ್ ಇಲ್ಲದವನು ಕಾಲು ಅಲ್ಲಾಡಿಸುವ ಬಗೆ, ಇದ್ದವನು ಜೇಬು ತಡಕುವ ಬಗೆ, ಶೌಚಾಲಯದಲ್ಲಿ ಅಡಗಿದವನನ್ನು ಹೊರಗೆ ಬರಿಸಲು ಬಾಗಿಲ ಹೊರಗೆ ನಿಂತು ಹಾಡಬೇಕಾದ ಹಾಡು, ಎಲ್ಲವನ್ನೂ ಕೇಳಿದೆವು. ಹಾಡನ್ನು ಹಾಡಿಯೂ ತೋರಿಸಿದರು. ಮಾವನವರು ಹಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರ ಮಗಳಿಗೂ ಗೊತ್ತಿರಲಿಲ್ಲ. ಮೊಮ್ಮಗಳು ಹೆಡ್‌ಫೋನ್ ಕೊರಳಿಗೆ ಇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಕೆಳಗಿಳಿಯುವಾಗ ಮೇಡಂ ಮೂರನೆಯ ಮೆಟ್ಟಿಲಿನಲ್ಲಿ ನಿಂತರು.

"ಕಾಯಂ ಪತ್ರ ಹರಿದುಹಾಕ್ತೀನಿ."

"ಹೂಂ ಮೇಡಂ."

"ತೆಗೆದು ಹಾಕಬೇಕು ನಿಮ್ಮನ್ನ. ನ್ಯಾಯವಾಗಿ ಅದೇ ಸರಿ. ಆದರೆ ಏನಂತ ಹಾಕಲಿ? ಬೋರ್ಡು ನಿಜ ಅಂತ ಅವರೇ ಹೇಳಿದ ಮೇಲೆ? ಇನ್ನೂ ಮೂರು ತಿಂಗಳು ಪ್ರೊಬೇಷನ್. ಇನ್ಮೇಲೆ ನೆಂಟರ ಚಿತ್ರ ಹಾಕೋ ಹಾಗಿಲ್ಲ. ದೂರದ ನೆಂಟರದ್ದೂ."

ಪ್ರತಿನಿಧಿ ಕಾರಿನಲ್ಲಿ ಕೂತು ಆ ಹಾಡನ್ನು ಗುನುಗುತ್ತಿದ್ದರು.

ಮಾವನವರು ಅಂದೇ ನಮ್ಮ ಸೇವೆಗೆ ಅರ್ಜಿ ಕೊಟ್ಟರು. ಮನೆಯಲ್ಲಿ ಮೂವರಿದ್ದಾರೆ, ನಿಯಮದಲ್ಲಿ ಬರುವುದಿಲ್ಲ ಎಂದು ಫೈಲಿಂಗಿನಾಕೆ ತಕರಾರು ತೆಗೆದಳು. ಮೇಡಂ ನಿಯಮವನ್ನೇ ತಿದ್ದಿದರು. ಈಗ ವಾರಕ್ಕೊಮ್ಮೆ ಒಬ್ಬ ನಿವೃತ್ತ ಬಸ್ ಡ್ರೈವರಮ್ಮ ಬರುತ್ತಾರೆ. ರೈಲು ದೊಡ್ಡದೋ ಬಸ್ಸು ದೊಡ್ಡದೋ ಎಂದು ಬಾಲ್ಕನಿ ಹಾರಿಹೋಗುವಂತೆ ಜಗಳವಾಡುತ್ತಾರೆ. ಆ ಒಂದು ಗಂಟೆ ನಾವು ಮೂವರೂ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ನಿಂತಿರುತ್ತೇವೆ. ಅತ್ತಿಗೆ ಫೋನಿನಲ್ಲಿ, "ಏನು ಮಾತಾಡ್ತಾರೆ? ನನ್ನ ವಿಷಯ ಬಂತಾ?" ಎಂದು ಕೇಳುತ್ತಾರೆ. ಹೆಂಡತಿ ದಿನಾ ಅಪ್ಪನ ಪಕ್ಕ ಹತ್ತು ನಿಮಿಷ ಕೂರುತ್ತಾಳೆ. ಮೊದಲ ವಾರ ಇಬ್ಬರೂ ಏನು ಮಾತಾಡುವುದೆಂದು ತಿಳಿಯದೆ ಎದುರು ಮನೆಯ ಕಾರನ್ನು ಬೈದರು. ನಾನೂ ಕೂರುತ್ತೇನೆ. ನನಗೆ ಕಷ್ಟ, ಆದರೂ ಕೂರುತ್ತೇನೆ.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಕೇಳಿಯೇಬಿಟ್ಟೆ. "ಮಾವ, ಅವತ್ತು ಬೋರ್ಡು ಸುಳ್ಳಲ್ಲ ಅಂದ್ರಲ್ಲ. ನನ್ನ ಕೆಲಸ ಹೋಗಬಾರದು ಅಂತ ಅಂದ್ರಾ, ಇಲ್ಲಾ ನಿಜವಾಗಿಯೇ..."

ಅವರು ನನ್ನನ್ನು ನೋಡಿದರು. ರಸ್ತೆಯನ್ನು ನೋಡಿದರು. "ನೀವು ಕಾಲು ಅಲ್ಲಾಡಿಸೋದು ನಿಲ್ಲಿಸಿ ಅಳಿಯಂದ್ರೇ, ಕುರ್ಚಿ ಅದುರುತ್ತೆ" ಎಂದರು.

ಹೆಂಡತಿಯನ್ನು ಕೇಳಿದೆ, ಅವಳಿಗೂ ತಿಳಿಯದು. ಡ್ರೈವರಮ್ಮನನ್ನು ಕೇಳಿದರೆ, ಅಲ್ಲಿ ಆಡಿದ ಮಾತು ಹೊರಗೆ ಹೇಳುವಂತಿಲ್ಲ ಎನ್ನುತ್ತಾರೆ. ಆ ನಿಯಮವನ್ನು ಅಚ್ಚು ಮಾಡಿಸಿ ಹಂಚಿದವನು ನಾನೇ. ಮಾವನವರು ಅಂದು ನನ್ನನ್ನು ಉಳಿಸಿದರೋ, ನನ್ನ ಮೇಲೆ ದೂರು ಕೊಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.